ಬಿಟ್ಟಿಗೆ ಅಂಜಿ ಕಳೆದುಕೊಂಡ ದಾರಿ

ನಾನು ಚಿಕ್ಕವಳಿದ್ದಾಗ ಹೆದ್ದಾರಿ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಈಗ ಬಸ್ಸು ಹಿಡಿಯಲು ಹೊಲ ದಾಟಿ, ಹಳ್ಳ ದಾಟಿ ನಡೆಯುವಾಗ ನೀವು ಗೊಣಗುತ್ತೀರಲ್ಲ, ಈ ರಸ್ತೆ ಮಾಡಿದವರಿಗೆ ನಮ್ಮೂರು ಕಾಣಿಸಲೇ ಇಲ್ಲವೇ ಎಂದು. ಕಾಣಿಸಿತ್ತು. ಚೆನ್ನಾಗಿಯೇ ಕಾಣಿಸಿತ್ತು. ಆ ದಿನ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ವಯಸ್ಸಾದ ಮೇಲೆ ಅಜ್ಜಿಗೆ ಸಿಟ್ಟು ಜಾಸ್ತಿಯಾಗಿದೆ ಎಂದು ಮುಸಿಮುಸಿ ನಗಬೇಡಿ. ಇದು ನಾನು ಲಂಗ ಉಡುತ್ತಿದ್ದ ಕಾಲದ ಸಿಟ್ಟು.

ಆಗ ನಮ್ಮದು ನಿಜಾಮರ ಸೀಮೆ. ಹೆದ್ದಾರಿ ಎಂದರೆ ಡಾಂಬರು ಹಾಕಿದ್ದಲ್ಲ, ಬಂಡಿಯ ಗಾಲಿಗಳು ತೇದು ತೇದು ಮಾಡಿದ ದಾರಿ. ಕುಷ್ಟಗಿಯ ಕಡೆಯಿಂದ ಹತ್ತಿ, ಶೇಂಗಾ, ತೊಗರಿ ಹೇರಿಕೊಂಡ ಬಂಡಿಗಳು ಸಾಲಾಗಿ ಬಂದು, ಕನಕಗಿರಿ ಹಾದು ಗಂಗಾವತಿಗೆ ಹೋಗುತ್ತಿದ್ದವು. ತಿರುಗಿ ಬರುವಾಗ ಅಕ್ಕಿ, ಬೆಲ್ಲ ತುಂಬಿಕೊಂಡು ಬರುತ್ತಿದ್ದವು. ಗಂಟೆಯ ಸದ್ದು ಮೊದಲು ಕೇಳಿಸುತ್ತಿತ್ತು, ಆಮೇಲೆ ಧೂಳು ಕಾಣಿಸುತ್ತಿತ್ತು, ಆಮೇಲೆ ಎತ್ತಿನ ಬೆವರಿನ ವಾಸನೆ. ನಮ್ಮೂರ ಹತ್ತಿರ ಬಂದರೆ ಎತ್ತುಗಳು ಯಾರೂ ಹೇಳದಿದ್ದರೂ ನಿಲ್ಲುತ್ತಿದ್ದವು, ಏಕೆಂದರೆ ಅಲ್ಲಿ ದಾರಿ ಬಾವಿ ಇತ್ತು.

ನಮ್ಮ ಕಡೆಯ ಬಾವಿಗಳೆಲ್ಲ ಉಪ್ಪು. ಇದೊಂದು ಮಾತ್ರ ಸಿಹಿ. ಒಳಗೆ ಇಳಿಯಲು ಕಲ್ಲಿನ ಮೆಟ್ಟಿಲು, ಗೋಡೆಯ ಬಿರುಕಿನಲ್ಲಿ ಪಾರಿವಾಳ, ಮೇಲೆ ಎತ್ತುಗಳಿಗೆ ಕುಡಿಯಲು ಕಲ್ಲಿನ ದೋಣಿ. ಬೇಸಗೆಯಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಕುಳಿತರೆ ಪಾದಕ್ಕೆ ತಂಪು ಹತ್ತುತ್ತಿತ್ತು, ಪಾಚಿಯ ವಾಸನೆ ಬರುತ್ತಿತ್ತು. ಬಾವಿ ನೋಡಿಕೊಳ್ಳುವುದು ನಮ್ಮ ಮನೆತನದ ಕೆಲಸ. ಅಪ್ಪ ನೀರು ಸೇದಿ ದೋಣಿ ತುಂಬಿಸುತ್ತಿದ್ದ. ಅವ್ವ ಮತ್ತು ಅಕ್ಕ ಬೇವಿನ ನೆರಳಿನಲ್ಲಿ ಕುಡಿಯುವ ನೀರಿನ ಗಡಿಗೆಗಳನ್ನು ಇಡುತ್ತಿದ್ದರು. ಬಂಡಿಯವರು ಹೊರಡುವಾಗ ತಾವು ಹೇರಿಕೊಂಡದ್ದರಲ್ಲಿ ಒಂದು ಬೊಗಸೆ ಅಕ್ಕನ ಸೆರಗಿಗೆ ಹಾಕಿ ಹೋಗುತ್ತಿದ್ದರು. ಅಕ್ಕಿ ಎಂಬುದನ್ನು ನಾವು ನೋಡಿದ್ದೇ ಆ ಬೊಗಸೆಗಳಲ್ಲಿ.

ಇನ್ನು ಬಿಟ್ಟಿ ಎಂದರೇನು ಎಂದು ಹೇಳಬೇಕು, ನಿಮಗೆ ಆ ಮಾತು ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಸರಕಾರದ ಯಾವನಾದರೂ ಸಾಹೇಬ ಊರಿಗೆ ಬಂದು ಡೇರೆ ಹೊಡೆದರೆ ಊರವರು ಅವನ ಕುದುರೆಗೆ ಹುಲ್ಲು ಕೊಡಬೇಕು, ಅವನ ಜಳಕಕ್ಕೆ ನೀರು ಹೊರಬೇಕು, ಕೋಳಿ ಹಿಡಿದು ಕೊಡಬೇಕು, ಹೋಗುವಾಗ ಅವನ ಗಂಟನ್ನು ಮುಂದಿನ ಊರಿನ ತನಕ ತಲೆಯ ಮೇಲೆ ಹೊರಬೇಕು. ಕೂಲಿ ಇಲ್ಲ, ಒಂದು ಒಳ್ಳೆಯ ಮಾತೂ ಇಲ್ಲ. ಒಲ್ಲೆ ಎಂದವರ ಬೆನ್ನ ಮೇಲೆ ಚಬಕ. ಅದಕ್ಕೇ ನಮ್ಮ ಸೀಮೆಯಲ್ಲಿ ಮಕ್ಕಳಿಗೆ ಮಾತು ಬರುತ್ತಿದ್ದಂತೆ ಒಂದು ಪಾಠ ಹೇಳಿಕೊಡುತ್ತಿದ್ದರು. ಸರಕಾರದವರು ಏನು ಕೇಳಿದರೂ ಇಲ್ಲ ಎನ್ನಬೇಕು. ಕೋಳಿ ಇಲ್ಲ, ಎಮ್ಮೆ ಹಿಂಡುವುದಿಲ್ಲ, ಹುಲ್ಲು ತೀರಿದೆ. ಒಮ್ಮೆ ಕುದುರೆಯ ಮೇಲೆ ಬಂದವನೊಬ್ಬ ನನ್ನ ಹೆಸರು ಕೇಳಿದ. ನಾನು 'ಇಲ್ಲರಿ' ಎಂದಿದ್ದೆ. ಊರಿಗೆ ಊರೇ ಅದನ್ನು ಹೇಳಿಕೊಂಡು ನಕ್ಕಿತು. ಈಗ ನನಗೆ ಅದರಲ್ಲಿ ನಗು ಬರುವಂಥದ್ದು ಏನೂ ಕಾಣುವುದಿಲ್ಲ.

ಒಂದು ಬೇಸಗೆಯಲ್ಲಿ ಸರಪಳಿ, ಕೆಂಪು ಬಾವುಟ ಹಿಡಿದುಕೊಂಡು ಅಳತೆಯವರು ಬಂದರು. ಬಂಡಿದಾರಿಯನ್ನು ಪಕ್ಕಾ ಸಡಕು ಮಾಡುತ್ತಾರಂತೆ, ಅದರ ಮೇಲೆ ಮೋಟಾರು ಓಡುತ್ತದಂತೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಊರವರಿಗೆ ಮೋಟಾರಿನ ಚಿಂತೆ ಇರಲಿಲ್ಲ, ಡೇರೆಯ ಚಿಂತೆ. ಬೆಳಗಾಗುವುದರೊಳಗೆ ಬಾವಿಯ ಬಾಯಿಗೆ ಹತ್ತಿಕಟ್ಟಿಗೆಯ ಹೊರೆಗಳನ್ನು ಅಡ್ಡ ಒಟ್ಟಿದರು. ಚಾವಡಿಯಲ್ಲಿ ಅಳತೆಯವರ ಸಾಹೇಬ ತನ್ನ ಅರೆಬರೆ ಕನ್ನಡದಲ್ಲಿ ಕೇಳಿದ್ದು ಒಂದೇ ಮಾತು, ದಾರಿಯ ಬಾವಿಯಲ್ಲಿ ನೀರು ಇದೆಯೇ ಎಂದು. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಕೈ ಮುಗಿದು ಹೇಳಿದ:

"ಇಲ್ರಿ ಸರಕಾರ. ಬಾವಿ ಬತ್ತೈತಿ."

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಅವರು ಸರಪಳಿ ಎತ್ತಿಕೊಂಡು ಹಳ್ಳದ ಆಚೆ ಹೋದರು. ಸಾಹೇಬನಿಗೆ ಟೋಪಿ ಹಾಕಿದೆವೆಂದು ಅಂದು ಊರೆಲ್ಲ ಹಿಗ್ಗಿ ಹೀರೇಕಾಯಿಯಾಯಿತು. ಸಡಕಿಗೆ ಹಾಕಿದ ಮರಂ ಎಂಬ ಗರಸು ಮಣ್ಣಿಗೆ ನೀರು ಉಣಿಸಿ, ದಮ್ಮಸು ಹೊಡೆದು ಗಟ್ಟಿ ಮಾಡಬೇಕು, ನೀರಿಲ್ಲದ ಕಡೆ ಸಡಕು ಮಾಡುವುದಿಲ್ಲ ಎಂಬುದು ನಮ್ಮ ಜಾಣರಿಗೆ ಆಮೇಲೆ ತಿಳಿಯಿತು. ದಾರಿ ಹಳ್ಳದ ಆಚೆ ಹೊರಳಿತು. ಮಳೆಗಾಲ ಕಳೆಯುತ್ತಿದ್ದಂತೆ ಅಲ್ಲಿ ಕೆಲಸ ಶುರುವಾಯಿತು, ಬಂಡಿಗಳೂ ಅದೇ ಕಡೆ ಹರಿದವು. ಎತ್ತುಗಳು ಕುಡಿಯದ ದೋಣಿಯಲ್ಲಿ ನೀರು ಹಸಿರುಗಟ್ಟಿತು. ನಮ್ಮ ಮನೆಯಲ್ಲಿ ಅನ್ನದ ಮಾತು ನಿಂತಿತು. ಸಂಜೆಯಾದರೆ ಅಪ್ಪ ಬೇವಿನ ಕೆಳಗೆ ಕುಳಿತು ದೂರದಿಂದ ಬರುವ ಗಂಟೆಯ ಸದ್ದು ಕೇಳುತ್ತಿದ್ದ. ಸದ್ದು ಹಳ್ಳದ ಆಚೆಯೇ ಹೋಗಿಬಿಡುತ್ತಿತ್ತು.

ನಾನು ಹೇಳಬೇಕೆಂದಿರುವ ದಿನ ಅದಾದ ಮೇಲಿನದು. ಜೋಳದ ಕೊಯ್ಲು ಮುಗಿದಿತ್ತು. ಬೆಳಿಗ್ಗೆ ಖಾಲಿ ಬಂಡಿಗಳು ನಮ್ಮ ಮನೆಯ ಮುಂದೆ ಬಂದು ನಿಂತಾಗ ನಾನು ಕುಣಿದಾಡಿದೆ, ಹಳೆಯ ದಿನಗಳು ತಿರುಗಿ ಬಂದವು ಅಂದುಕೊಂಡೆ. ಬಂಡಿಯಿಂದ ಇಳಿದವರ ಕೈಯಲ್ಲಿ ಹಾರೆಗಳಿದ್ದವು. ಅವರ ಮೇಸ್ತ್ರಿ ಹೇಳಿದ, ಹಳ್ಳಕ್ಕೆ ಸೇತುವೆ ಕಟ್ಟಲು ಒಳ್ಳೆಯ ಕಲ್ಲು ಬೇಕಾಗಿದೆ, ಬತ್ತಿದ ಬಾವಿಯ ಕಲ್ಲು ಕಿತ್ತು ತರಬೇಕೆಂದು ಹುಕುಂ ಆಗಿದೆ. ಹಾಗೆ ಹೇಳುತ್ತಲೇ ಬಾವಿಯೊಳಗೆ ಇಣುಕಿದ. ಕೆಳಗೆ ನೀರು ಥಳಥಳ ಹೊಳೆಯುತ್ತಿತ್ತು. ಆಮೇಲೆ ಅಪ್ಪನ ಕಡೆ ತಿರುಗಿ, "ಬತ್ತೈತಿ ಅಂತ ನೀನ ಹೇಳೀದಿ. ಈಗ ನಾ ಏನ್ ಮಾಡ್ಲಿ? ನನಗ ಕಲ್ಲು ಬೇಕು" ಎಂದ.

ಅಪ್ಪ ಬಾಯಿ ತೆರೆಯಲಿಲ್ಲ. ತೆರೆದರೆ ಸರಕಾರಕ್ಕೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಂತಾಗುತ್ತಿತ್ತು. ಊರ ಹಿರಿಯರು ಒಬ್ಬೊಬ್ಬರಾಗಿ ಬಂದು ದೂರ ನಿಂತರು. ತಲೆಯಾಡಿಸಲು ಗೊತ್ತಿದ್ದವರಿಗೆ ತಡೆಯಲು ಗೊತ್ತಾಗಲಿಲ್ಲ ನೋಡಿ. ಮೇಲಿನ ಸಾಲಿನ ಕಲ್ಲು ಕಿತ್ತು ಬಂಡಿಗೆ ಹಾಕಿದಾಗ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದು ಹೋದವು. ಮಣ್ಣು ಕುಸಿದು ನೀರಿಗೆ ಬಿತ್ತು. ಮೆಟ್ಟಿಲಿಗೂ ಹಾರೆ ಹಾಕಿದರು. ಮೈಮೇಲೆ ಪೆಟ್ಟು ಬಿದ್ದವಳ ಹಾಗೆ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಕ್ಕ ಮಾತ್ರ ಅಳಲಿಲ್ಲ. ಹಾರೆ ಹಿಡಿದವರ ನಡುವೆಯೇ ಮೆಟ್ಟಿಲಿಳಿದು, ಕೊಡ ತುಂಬಿ, ಸೊಂಟಕ್ಕೆ ಇಟ್ಟುಕೊಂಡು ಮೇಲೆ ಬಂದಳು. ಆಗ ಅವಳು ಇನ್ನೂ ಮದುವೆಯಾಗದ ಹುಡುಗಿ, ಊರ ಗಂಡಸರ ಎದುರು ತಲೆಯೆತ್ತಿ ನಡೆದವಳಲ್ಲ. ಅವ್ವ ಎಲ್ಲಿಗೆ ಎಂದು ಕೇಳಿದಳು. ಸಾಹೇಬನ ಹತ್ತಿರ ಎಂದಳು ಅಕ್ಕ. ನಾನು ಅವಳ ಹಿಂದೆ ಓಡಿದೆ. ಜೋಳದ ಕೂಳೆ ಪಾದಕ್ಕೆ ಚುಚ್ಚುತ್ತಿತ್ತು. ಎರೆಹೊಲ ಬಿರಿದಿತ್ತು, ಹೆಜ್ಜೆ ತಪ್ಪಿದರೆ ಕಾಲು ಸಿಕ್ಕಿಕೊಳ್ಳುವಂತಿತ್ತು. ಕೊಡದ ನೀರು ತುಳುಕಿ ಅಕ್ಕನ ಸೀರೆ ತೊಯ್ದಿತು. ಅವಳು ಒಂದು ಕಡೆಯೂ ಕೊಡ ಇಳಿಸಲಿಲ್ಲ.

ಹಳ್ಳದ ಆಚೆ ನಾನು ಮೊದಲ ಸಲ ಪಕ್ಕಾ ಸಡಕು ನೋಡಿದೆ. ಕೆಂಪು ಮರಂ ಹರಡಿದ್ದರು, ಹೆಣ್ಣಾಳುಗಳು ಬುಟ್ಟಿ ಹೊರುತ್ತಿದ್ದರು. ಆ ಕಡೆಯ ಕೆರೆಯಿಂದ ಪೀಪಾಯಿಗಳಲ್ಲಿ ತಂದ ನೀರನ್ನು ಅದರ ಮೇಲೆ ಚಿಮುಕಿಸುತ್ತಿದ್ದರು, ಅದಕ್ಕೆ ಕೆಸರಿನ ನಾತ. ಜಾಲಿಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಸಾಹೇಬ ಕುಳಿತಿದ್ದ. ಅಕ್ಕ ನೇರವಾಗಿ ಹೋಗಿ ಅವನ ಮುಂದೆ ಕೊಡ ಇಳಿಸಿದಳು, ಕುಡಿಯಿರಿ ಎಂದಳು. ಬಿಸಿಲು ಅಷ್ಟಿತ್ತು, ಅವನು ಏನೂ ಕೇಳದೆ ಬೊಗಸೆಯೊಡ್ಡಿ ಕುಡಿದ. ಮತ್ತೆ ಒಡ್ಡಿದ. ಮುಖಕ್ಕೂ ಹಾಕಿಕೊಂಡ. ಆಮೇಲೆ ಇದು ಯಾವ ಬಾವಿಯ ನೀರು ಎಂದು ಕೇಳಿದ.

"ಬತ್ತೈತಿ ಅಂತ ಕಲ್ಲು ಕೀಳಸಾಕತ್ತೀರಲ್ರಿ, ಆ ಬಾವೀದು" ಎಂದಳು ಅಕ್ಕ.

ಸಾಹೇಬನ ಮುಖ ಬಿಗಿಯಿತು. ಹಾಗಾದರೆ ಬತ್ತಿದೆ ಎಂದು ಹೇಳಿದವನು ಯಾರು ಎಂದ. ಅಪ್ಪನ ಬೆನ್ನು ನನ್ನ ಕಣ್ಣ ಮುಂದೆ ಬಂತು. ನಾನು ಅಕ್ಕನ ಸೀರೆ ಹಿಡಿದು ಎಳೆದೆ. ಅವಳು ನನ್ನ ಕೈ ಬಿಡಿಸಿ, ಅವನನ್ನೇ ನೋಡುತ್ತ ಹೇಳಿದಳು:

"ಊರ ಹೇಳೈತ್ರಿ. ಬಿಟ್ಟಿಗೆ ಅಂಜಿ ಹೇಳೈತಿ. ನೀರು ಐತಿ ಅಂದ್ರ ನಿಮ್ಮ ಕುದುರಿಗೂ ನಾವ ಸೇದಬೇಕು, ನಿಮ್ಮ ಜಳಕಕ್ಕೂ ನಾವ ಸೇದಬೇಕು. ಅದಕ್ಕ ಇಲ್ಲ ಅಂದ್ವಿ. ನೀವು ಕೂಲಿ ಕೊಟ್ಟು ಕೇಳಿದ್ರ ಯಾರು ಸುಳ್ಳು ಹೇಳತಿದ್ರು?"

ಬುಟ್ಟಿ ಹೊತ್ತ ಹೆಣ್ಣಾಳುಗಳು ನಿಂತಲ್ಲೇ ನಿಂತರು. ಸಾಹೇಬ ಒಬ್ಬ ಜವಾನನನ್ನು ಕರೆದು, ಕಲ್ಲು ಕೀಳುವುದನ್ನು ನಿಲ್ಲಿಸಲು ಹೇಳಿ ಕಳಿಸಿದ. ನಾನು ಅಕ್ಕನ ಸೊಂಟ ತಬ್ಬಿಕೊಂಡೆ. ಹಾಗಿದ್ದರೆ ದಾರಿಯನ್ನೂ ಮೊದಲಿನ ಕಡೆಗೇ ಹೊರಳಿಸಿರಿ ಎಂದು ಅಕ್ಕ ಕೇಳಿದಳು. ಅವನು ಹಳ್ಳದಲ್ಲಿ ಎದ್ದು ನಿಂತಿದ್ದ ಸೇತುವೆಯ ಕಂಬಗಳ ಕಡೆ ಕೈ ತೋರಿಸಿ, ಅದೆಲ್ಲ ಆಗಿಹೋಯಿತು ಎಂದ. ಆಮೇಲೆ ಏನೋ ನೆನಪಾದವನ ಹಾಗೆ ಇನ್ನೊಂದು ಮಾತು ಹೇಳಿದ. ಇಷ್ಟು ಒಳ್ಳೆಯ ನೀರು ಇದ್ದ ಮೇಲೆ ಸಡಕಿನ ಕೆಲಸಕ್ಕೆ ನೀರು ನಾಳೆಯಿಂದ ಇದೇ ಬಾವಿಯದು. ಊರವರು ಸೇದಿ ಪೀಪಾಯಿ ತುಂಬಿಸಬೇಕು. ಹಾಗೆ ಹೇಳಿ ಕೊಡದಲ್ಲಿ ಉಳಿದಿದ್ದ ನೀರನ್ನು ತನ್ನ ಕುದುರೆಗೆ ಕುಡಿಸಲು ಹೇಳಿದ.

ಆ ಬೇಸಗೆಯೆಲ್ಲ ನಮ್ಮೂರು ಬಿಟ್ಟಿಯಾಗಿ ನೀರು ಸೇದಿತು. ನಮ್ಮ ನೀರು, ನಮ್ಮ ರಟ್ಟೆ, ದಾರಿ ಬೇರೆಯವರದು. ಊರವರು ಸಾಹೇಬನಿಗೆ ಒಂದು ಮಾತೂ ಆಡಲಿಲ್ಲ. ಎಲ್ಲ ಸಿಟ್ಟನ್ನೂ ಅಕ್ಕನ ಮೇಲೆ ತೀರಿಸಿಕೊಂಡರು. ಅವಳು ಕೊಡ ಹಿಡಿದು ಬಂದರೆ ಹೆಂಗಸರು ಮುಖ ತಿರುಗಿಸಿ ಮೇಲೆ ಹತ್ತಿಬಿಡುತ್ತಿದ್ದರು. "ನಿನ್ನ ಬಾಯಿಂದ ಊರ ಕೈಗೆಲ್ಲ ಬೊಬ್ಬಿ ಬಂತು" ಎಂದು ನೆರೆಮನೆಯವಳು ಎಲ್ಲರ ಎದುರಿಗೇ ಅಂದಳು. ಅಕ್ಕ ಉಳಿಸಿದ ಬಾವಿಯ ನೀರನ್ನು ಗಟಗಟ ಕುಡಿದ ಬಾಯಿ ಅದು!

ಆಗ ಅಪ್ಪ ಹಗ್ಗ ಕೆಳಗಿಟ್ಟ. ಅವನ ಅಂಗೈ ಸುಲಿದು ರಕ್ತ ಬಂದಿತ್ತು. "ಬೈಯೋದಿದ್ರ ನನಗ ಬೈರಿ. ಸುಳ್ಳು ನಂದು, ತಲಿ ಆಡಿಸಿದ್ದು ನಿಮ್ಮದು. ಆಕಿ ಬಾವಿ ಉಳಿಸ್ಯಾಳ" ಎಂದ. ಆದರೂ ಅಕ್ಕ ಮದುವೆಯಾಗಿ ಯಲಬುರ್ಗಾದ ಕಡೆ ಹೋಗುವ ತನಕ ಆ ಹೆಂಗಸರು ಅವಳೊಂದಿಗೆ ಬಾಯಿ ತುಂಬ ಮಾತಾಡಲಿಲ್ಲ. ಕೊಡಗಟ್ಟಲೆ ನೀರು ಕುಡಿದು ಕೂಲಿ ಕೊಡದೆ ಹೋದ ಸಾಹೇಬನನ್ನಾದರೂ ನಾನು ಮರೆತೇನು, ಅವರನ್ನು ಮರೆಯಲಾರೆ.

ಮಕ್ಕಳೇ, ನಿಮ್ಮನ್ನು ಈಗ ಯಾರೂ ಬಿಟ್ಟಿಗೆ ಎಳೆಯುವುದಿಲ್ಲ. ಸಾಹೇಬರು ಬಂದರೆ ತಮ್ಮ ನೀರನ್ನು ತಾವೇ ಬಾಟಲಿಯಲ್ಲಿ ತರುತ್ತಾರೆ. ಆ ಸಡಕಿಗೆ ಡಾಂಬರು ಬಂತು, ರಾಜ್ಯ ಹೆದ್ದಾರಿ ಎಂದು ಹೆಸರು ಬಂತು, ಈಗ ಅದನ್ನು ಇನ್ನೂ ಅಗಲ ಮಾಡುತ್ತಾರೆ. ಇವತ್ತು ಬೆಳಿಗ್ಗೆ ಅದರ ಸಲುವಾಗಿಯೇ ಗ್ರಾಮಸಭೆ ಕರೆದಿದ್ದರು. ನಿಮ್ಮಲ್ಲಿ ದೊಡ್ಡವಳು ಎದ್ದು ನಿಂತು, ನಮ್ಮೂರ ಕ್ರಾಸಿನಲ್ಲಿ ದಾಟಲು ಜಾಗ ಬಿಡದಿದ್ದರೆ ಶಾಲೆಗೆ ಹೇಗೆ ಹೋಗಬೇಕು ಎಂದು ಕೇಳಿದಳಂತೆ. ಸಾಹೇಬರು ಏನಾದರೂ ಹೇಳುವ ಮೊದಲೇ ನಮ್ಮೂರ ಹಿರಿಯರು, ದೊಡ್ಡವರ ನಡುವೆ ನಿನ್ನದೇನು, ಕೂಡು ಎಂದು ಗದರಿಸಿದರಂತೆ. ಬಂದಾಗಿನಿಂದ ಅವಳು ಮೂಲೆಯಲ್ಲಿ ಕುಳಿತು ಮೂಗು ಒರೆಸಿಕೊಳ್ಳುತ್ತಿದ್ದಾಳೆ.

ಏಳು, ಮುಖ ತೊಳೆದುಕೋ. ಮತ್ತೆ ಸಭೆ ಕರೆದಾಗ ನೀನು ಅದನ್ನೇ ಕೇಳಬೇಕು. ನಾನೂ ಬರುತ್ತೇನೆ, ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ. ನಿನ್ನನ್ನು ಕೂಡು ಎನ್ನುವವನು ಮೊದಲು ನನ್ನನ್ನು ಕೂಡಿಸಲಿ.