ಮೇಲ್ಬೀದಿಯಿಂದ ಬಂದ ಚಂದ್ರಿಕೆಗಳು

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಯಾರಾದರೂ ಕುಡಿಯಲು ನೀರು ಕೊಟ್ಟರೆ, ಅದು ಯಾವ ಬೀದಿಯ ಬಾವಿಯದು ಎಂದು ಮೊದಲು ಕೇಳುತ್ತಿದ್ದರು. ನಗಬೇಡಿ ಮಕ್ಕಳೇ, ನಿಜವಾಗಿಯೂ ಕೇಳುತ್ತಿದ್ದರು. ಮುಳಬಾಗಿಲಿನಿಂದ ನಂಗಲಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ನಮ್ಮದು. ಇರುವುದೇ ಎರಡು ಬೀದಿ, ಮೇಲ್ಬೀದಿ ಮತ್ತು ಕೆಳಬೀದಿ. ನಾವು ಕೆಳಬೀದಿಯವರು. ಒಂದು ಬೇಸಿಗೆಯಲ್ಲಿ ಕೆರೆ ತೂಬಿನ ನೀರಿಗೆ ಶುರುವಾದ ಜಗಳ ಬೀದಿಬೀದಿಗಳ ಹೊಡೆದಾಟವಾಯಿತು. ದೊಣ್ಣೆ, ಮಚ್ಚು ಎಲ್ಲ ಹೊರಗೆ ಬಂದವು. ಹುಲ್ಲಿನ ಬಣವೆಗಳಿಗೆ ಬೆಂಕಿ ಬಿತ್ತು. ಎರಡೂ ಕಡೆಯ ಗಂಡಸರನ್ನು ಪೊಲೀಸರು ವ್ಯಾನಿಗೆ ತುಂಬಿಕೊಂಡು ಹೋದರು. ಜಾಮೀನು ಸಿಕ್ಕಿ ಎಲ್ಲರೂ ಮನೆಗೆ ಬಂದ ಮೇಲೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲಿನ ಪಾಡು ಕೇಳಬೇಕು ನೀವು. ಕಮ್ಮಾರನ ಕುಲುಮೆ ನಮ್ಮ ಬೀದಿಯಲ್ಲಿತ್ತು. ಮೇಲ್ಬೀದಿಯವರು ನೇಗಿಲ ಕುಳ ಹದ ಮಾಡಿಸಲು ಗಾಡಿ ಕಟ್ಟಿಕೊಂಡು ನಂಗಲಿಗೆ ಹೋಗತೊಡಗಿದರು. ಹಿಟ್ಟಿನ ಗಿರಣಿ ಅವರ ಬೀದಿಯಲ್ಲಿತ್ತು. ಅಮ್ಮ ರಾಗಿ ಚೀಲ ತಲೆ ಮೇಲೆ ಹೊತ್ತು ಪಕ್ಕದೂರಿಗೆ ನಡೆದಳು. ನಿಮ್ಮ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ನೀವು ಎಂದು ಮುಯ್ಯಾಳು ಮಾಡುತ್ತಿದ್ದದ್ದೂ ನಿಂತುಹೋಗಿ, ಕಳೆ ಕೀಳುವವರಿಲ್ಲದೆ ರಾಗಿ ಹೊಲ ಹಾಳಾಯಿತು. ಕೋಳಿ ಸತ್ತರೆ ಅವರು ವಿಷ ಹಾಕಿದ್ದಾರೆ, ಹಸು ಹಾಲು ಕೊಡದಿದ್ದರೆ ಅವರು ಮಾಟ ಮಾಡಿಸಿದ್ದಾರೆ! ಥೂ, ಅದೂ ಒಂದು ಬದುಕೇ?

ಇದರ ನಡುವೆ ಸಿಕ್ಕಿಕೊಂಡವಳು ನನ್ನ ಅಕ್ಕ. ಹೊಡೆದಾಟಕ್ಕೆ ಮೊದಲೇ ಅವಳನ್ನು ಮೇಲ್ಬೀದಿಗೆ ಮದುವೆ ಮಾಡಿಕೊಟ್ಟಿದ್ದರು. ನಮ್ಮ ಜಗಲಿಯ ಮೇಲೆ ನಿಂತರೆ ಅವಳ ಮನೆ ಹಿತ್ತಿಲು ಕಾಣುತ್ತಿತ್ತು. ಅವಳು ಬಟ್ಟೆ ಒಣಗಿಸುವುದನ್ನು ಅಮ್ಮ ಇಲ್ಲಿಂದಲೇ ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾವು ಹೋಗುವಂತಿರಲಿಲ್ಲ, ಅವಳು ಬರುವಂತಿರಲಿಲ್ಲ. ನನ್ನನ್ನು ಎತ್ತಿ ಆಡಿಸಿದವಳೇ ಅವಳು.

ಆ ವರ್ಷ ನಮಗೆ ಉಳಿದಿದ್ದದ್ದು ರೇಷ್ಮೆ ಒಂದೇ. ರಾಗಿ ಕೈಕೊಟ್ಟಿತ್ತು, ಹುಳು ಚೆನ್ನಾಗಿ ಗೂಡು ಕಟ್ಟಿದರೆ ಮಾತ್ರ ಮುಂದಿನ ಸುಗ್ಗಿಯವರೆಗೆ ಒಲೆ ಉರಿಯಬೇಕು. ರೇಷ್ಮೆ ಹುಳು ಸೊಪ್ಪು ತಿಂದು ತಿಂದು ಕೊನೆಗೆ ಹಣ್ಣಾಗುತ್ತದೆ. ಹಾಗೆಂದರೆ ಮೈ ಹೊಳೆಯುವ ಹಳದಿಯಾಗಿ, ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಜಾಗ ಹುಡುಕುತ್ತದೆ. ಆಗ ಅದನ್ನು ಆಯ್ದು ಚಂದ್ರಿಕೆಯ ಮೇಲೆ ಬಿಡಬೇಕು. ಬಿದಿರಿನ ದೊಡ್ಡ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಬಿದಿರ ಪಟ್ಟಿ ಕಟ್ಟಿರುತ್ತಾರಲ್ಲ, ಅದೇ ಚಂದ್ರಿಕೆ. ಆ ಸುರುಳಿಗಳ ಸಂದಿಯಲ್ಲಿ ಹುಳು ಗೂಡು ಕಟ್ಟುತ್ತದೆ. ಹೊತ್ತಿಗೆ ಸರಿಯಾಗಿ ಬಿಡದಿದ್ದರೆ ಹಿಕ್ಕೆ, ಸೊಪ್ಪಿನ ಕಡ್ಡಿಗಳ ನಡುವೆಯೇ ನೂಲು ಸುತ್ತಿಕೊಂಡು ಗೂಡು ಕೆಡುತ್ತದೆ.

ಮೊದಲೆಲ್ಲ ಒಂದೊಂದು ಮನೆಯ ಬೆಳೆ ಒಂದೊಂದು ವಾರಕ್ಕೆ ಬರುತ್ತಿತ್ತು, ಇಡೀ ಊರು ಚಂದ್ರಿಕೆಗಳನ್ನು ಸರದಿಯಲ್ಲಿ ಬಳಸುತ್ತಿತ್ತು. ಈಗ ಅವನ್ನೂ ಪಾಲು ಮಾಡಿಕೊಂಡಿದ್ದರು. ಅದರ ಮೇಲೆ ನಮ್ಮ ಬೀದಿಯವರು ಇನ್ನೊಂದು ಘನಕಾರ್ಯ ಮಾಡಿದ್ದರು. ದಾರಿಯಲ್ಲಿ ಮೇಲ್ಬೀದಿಯವರು ಹೊಡೆದಾರು ಎಂಬ ಹೆದರಿಕೆಗೆ ರೇಷ್ಮೆ ಹುಳುವಿನ ಮೊಟ್ಟೆ ತರಲು ಯಾರೂ ಒಬ್ಬೊಬ್ಬರೇ ಹೋಗದೆ, ಎಲ್ಲ ಮನೆಯವರೂ ಒಂದೇ ದಿನ ಗುಂಪಾಗಿ ಹೋಗಿ ತಂದರು. ಒಂದೇ ದಿನ ತಂದ ಮೊಟ್ಟೆಯ ಹುಳು ಒಂದೇ ದಿನ ಹಣ್ಣಾಗದೆ ಇನ್ನೇನಾದೀತು? ಇದು ಒಬ್ಬರಿಗಾದರೂ ಹೊಳೆಯಬೇಡವೇ!

ಆ ದಿನ ಬೆಳಿಗ್ಗೆ ಎದ್ದಾಗ ಹುಳುಮನೆಯಲ್ಲಿ ಸೊಪ್ಪು ಮೇಯುವ ಸರಸರ ಸದ್ದೇ ಇಲ್ಲ. ಹುಳುಗಳು ತಲೆ ಎತ್ತಿ ತೂಗಾಡುತ್ತಿದ್ದವು. ಅಪ್ಪ ಬೀದಿಯ ಮನೆಮನೆಗೆ ಓಡಿದ. ಎಲ್ಲರ ಮನೆಯಲ್ಲೂ ಅದೇ ಗೋಳು, ಯಾರ ಹತ್ತಿರವೂ ಒಂದು ಚಂದ್ರಿಕೆ ಮಿಕ್ಕಿರಲಿಲ್ಲ. ನಮ್ಮ ಪಾಲಿಗೆ ಬಂದವು ಅರ್ಧ ಹುಳುವಿಗೂ ಸಾಲಲಿಲ್ಲ. ಬಿಸಿಲೇರುತ್ತಿದ್ದ ಹಾಗೆ ಅಪ್ಪನ ಮುಖ ಬಾಡಿಹೋಯಿತು.

ಆಗ ಬಂದಳು ಅಕ್ಕ, ತಲೆಯ ಮೇಲೆ ಚಂದ್ರಿಕೆಗಳನ್ನು ಹೊತ್ತುಕೊಂಡು. ಭಾವ ಗಾಡಿಯಲ್ಲಿ ತುಂಬಿ ತಂದು, ಎರಡು ಬೀದಿಗಳ ನಡುವಿನ ಹುಣಸೆಮರದ ಹತ್ತಿರ ಇಳಿಸಿ ಅಲ್ಲೇ ನಿಂತಿದ್ದ. ಈಚೆಗೆ ಕಾಲಿಡುವ ಧೈರ್ಯ ಅವನಿಗಿರಲಿಲ್ಲ. ಅಲ್ಲಿಂದ ನಮ್ಮ ಮನೆಗೆ ಅಕ್ಕ ಒಬ್ಬಳೇ, ಸುಡುವ ನೆಲದಲ್ಲಿ ಬರಿಗಾಲಲ್ಲಿ, ಹೊತ್ತು ತಂದಳು, ಮತ್ತೆ ಹೋದಳು, ಮತ್ತೆ ತಂದಳು. ಬೀದಿಯವರೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದರೇ ಹೊರತು ಯಾರೂ ಕೈ ಕೊಡಲಿಲ್ಲ.

"ನೀನು ಮನೆಮನೆಗೆ ಓಡೋದು ಹಿತ್ತಿಲಿಂದ ಕಾಣ್ತು. ನಮ್ಮ ಕಡೆ ಬೆಳೆ ಮುಗ್ದಿದೆ ಅಪ್ಪಾ. ಇವು ಸುಮ್ನೆ ಬಿದ್ದಿದ್ವು, ಅತ್ತೆನ ಕೇಳ್ಕೊಂಡೇ ತಂದೆ" ಎಂದಳು, ಏದುಸಿರು ಬಿಡುತ್ತಾ.

ನಾನು ಕುಣಿದಾಡಿದೆ. ಅಪ್ಪ ಕುಣಿಯಲಿಲ್ಲ. ಒಂದು ಚಂದ್ರಿಕೆ ಎತ್ತಿ ಮೂಸಿದ. ಅಮ್ಮನ ಮೂಗಿಗೂ ಹಿಡಿದ. "ಹೊಗೆಸೊಪ್ಪಿನ ವಾಸ್ನೆ ಬರ್ತದೇನೇ?" ಎಂದ. ಹೊಗೆಸೊಪ್ಪು ಸೋಕಿದರೆ ರೇಷ್ಮೆ ಹುಳು ಸತ್ತೇಹೋಗುತ್ತದೆ. ಹೊಗೆಸೊಪ್ಪಿನ ನೀರು ಚಿಮುಕಿಸಿ ಕಳಿಸಿದ್ದರೆ?

"ಅಯ್ಯೋ, ಅವಳು ನಮ್ಮ ಮಗಳು ಕಣ್ರೀ" ಎಂದಳು ಅಮ್ಮ.

"ಅವಳು ಮಗಳೇ. ಕೊಟ್ಟೋರು ಯಾರು? ಅವಳ ಕಣ್ತಪ್ಪಿಸಿ ಏನ್ ಮಾಡಿದಾರೋ ಯಾರು ಕಂಡೋರು?" ಎಂದ ಅಪ್ಪ. ಒಂದು ಹಿಡಿ ಹುಳು ತಂದು ಒಂದು ಚಂದ್ರಿಕೆಯ ಮೂಲೆಗೆ ಬಿಟ್ಟು, "ನೋಡ್ತಿರ್ಲಾ. ಸಾಯ್ತವೋ, ನೂಲು ಬಿಡ್ತವೋ ಹೇಳು" ಎಂದು ನನ್ನನ್ನು ಕೂರಿಸಿದ. ಪರೀಕ್ಷೆಯಂತೆ ಪರೀಕ್ಷೆ! ಒಳಗೆ ಬಿದಿರ ತಟ್ಟೆಗಳಲ್ಲಿ ಹುಳುಗಳು ಕಂಡಕಂಡಲ್ಲಿ ನೂಲು ಸುತ್ತಲು ಶುರುಮಾಡಿದ್ದವು. ಇದ್ದ ಚಂದ್ರಿಕೆಗಳಿಗೆ ಅಪ್ಪ ಅಮ್ಮ ಆದಷ್ಟು ಆಯ್ದು ಬಿಡುತ್ತಿದ್ದರು.

ಅಮ್ಮ ತಡೆಯಲಾರದೆ ಒಂದು ಚೊಂಬು ನೀರು ತಂದು ಮೆಟ್ಟಿಲ ಮೇಲಿಟ್ಟಳು. ಅಕ್ಕ ಆ ನೀರನ್ನು ಕುಡಿಯಲಿಲ್ಲ. ಕೈಕಾಲು ತೊಳೆದುಕೊಂಡಳು. ಹುಳುಮನೆಗೆ ಹೋಗುವ ಮುನ್ನ ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು. ತೊಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಮುಂದೆ ನಿಂತಳು. ಹುಳು ಆಯುವುದರಲ್ಲಿ ಅವಳಷ್ಟು ಚುರುಕು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

"ಅಪ್ಪಾ, ನಾನೂ ಬರ್ಲಾ ಒಳಕ್ಕೆ?"

ಅಪ್ಪ ಅವಳ ಮುಖ ನೋಡಲಿಲ್ಲ. "ನೀನು ಅಲ್ಲೇ ಇರು ಅಮ್ಮಣ್ಣಿ. ಹುಳುಮನೆಗೆ ಹೊರಗಿನೋರು ಬರಬಾರದು" ಎಂದ.

ಅದು ಎಲ್ಲ ಮನೆಗಳಲ್ಲೂ ಇದ್ದ ಪದ್ಧತಿಯೇ. ಆದರೆ ಅಲ್ಲಿಯವರೆಗೆ ಅವಳನ್ನು ಯಾರೂ ಹೊರಗಿನವಳು ಅಂದಿರಲಿಲ್ಲ. ಅವಳು ತೊಳೆದ ಕಾಲಲ್ಲೇ ಬಿಸಿಲಲ್ಲಿ ನಿಂತಳು.

ಪರೀಕ್ಷೆಯ ಹುಳುಗಳು ಸುರುಳಿಯ ಸಂದಿಗಳಲ್ಲಿ ನೆಮ್ಮದಿಯಾಗಿ ಕೂತು, ತಲೆಯನ್ನು ಅತ್ತಿತ್ತ ಆಡಿಸುತ್ತಾ ನೂಲು ಬಿಡತೊಡಗಿದವು. "ಒಂದೂ ಸತ್ತಿಲ್ಲ ಅಪ್ಪಾ!" ಎಂದು ಕೂಗಿದೆ. ಅಪ್ಪ ಓಡಿಬಂದು ಬಗ್ಗಿ ನೋಡಿದ. ಒಂದೊಂದು ಹುಳುವನ್ನೂ ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ತಲೆಯೆತ್ತಿ "ಬಾಮ್ಮಾ, ಒಳಗೆ ಬಾ" ಎಂದ. ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನು ಹುಣಸೆಮರದವರೆಗೂ ಓಡಿದೆ. ಗಾಡಿಯೂ ಇರಲಿಲ್ಲ.

ಅಕ್ಕ ತಂದ ಚಂದ್ರಿಕೆಗಳಲ್ಲಿ ಗೂಡು ಗಟ್ಟಿಯಾಗಿ ಬಂತು. ಕಾಯುತ್ತಾ ಕೂತ ಹೊತ್ತಿನಲ್ಲಿ ತಟ್ಟೆಯಲ್ಲೇ ಕಟ್ಟಿಕೊಂಡವು ಕಲೆ ಹತ್ತಿ ಕೆಟ್ಟವು. ಹೇಗೋ ಗಂಜಿ ಕುಡಿದು ಆ ವರ್ಷ ದಾಟಿದೆವು. ಗೂಡು ಬಿಡಿಸಿದ ಮೇಲೆ ಅಪ್ಪ ಚಂದ್ರಿಕೆಗಳನ್ನು ತೊಳೆದು ಒಣಗಿಸಿ, ಹಾಡಹಗಲೇ, ತಾನೇ ಹೊತ್ತುಕೊಂಡು ಮೇಲ್ಬೀದಿಗೆ ಹೋದ. ಅಲ್ಲಿ ಏನು ಮಾತಾಯಿತೋ ನಮಗೆ ಹೇಳಲಿಲ್ಲ. ಬಂದವನೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ.

ಈಗ ನಮ್ಮೂರಿಗೆ ಹೋದರೆ ನಿಮಗೆ ಇದೆಲ್ಲ ಕಟ್ಟುಕಥೆ ಅನ್ನಿಸುತ್ತದೆ. ಎರಡೂ ಬೀದಿಯ ಹುಡುಗ ಹುಡುಗಿಯರು ಒಂದೇ ಕಂಪನಿ ಬಸ್ಸು ಹತ್ತಿ ನರಸಾಪುರಕ್ಕೆ ಕೆಲಸಕ್ಕೆ ಹೋಗುತ್ತಾರೆ, ಒಬ್ಬರ ಭುಜಕ್ಕೆ ಒಬ್ಬರು ಒರಗಿ ನಿದ್ದೆ ಮಾಡುತ್ತಾರೆ. ಚಂದ್ರಿಕೆ ಪ್ಲಾಸ್ಟಿಕ್ಕಿನದಾಗಿದೆ. ನೀವಂತೂ ಕೋಲಾರದ ಈ ಮನೆಯಲ್ಲಿ ಯಾರ ಬಾಗಿಲಿಗೆ ಬೇಕಾದರೂ ನುಗ್ಗಿ, ಯಾರ ತಟ್ಟೆಯಲ್ಲಿ ಬೇಕಾದರೂ ತಿಂದು ಬರುತ್ತೀರಿ. ಹಾಗೇ ಇರಿ, ನನಗೆ ಅದೇ ಸಂತೋಷ.

ಆದರೆ ನನ್ನ ಅಕ್ಕ, ನಿಮ್ಮ ದೊಡ್ಡಜ್ಜಿ, ಬಂದಾಗಲೆಲ್ಲ ಬಾಗಿಲಲ್ಲಿ ನಿಂತು "ಬರ್ಲೇನೋ?" ಎಂದು ಕೇಳುತ್ತಾಳಲ್ಲ, ನೀವು ಅದಕ್ಕೆ ನಗುತ್ತೀರಿ. "ಬಾಗ್ಲು ತೆಗೆದೇ ಇದ್ಯಲ್ಲಾ ದೊಡ್ಡಜ್ಜೀ" ಎಂದು ರೇಗಿಸುತ್ತೀರಿ. ಇನ್ನು ಮೇಲೆ ನಗಬೇಡಿ ಕಣ್ರೋ. ಓಡಿಹೋಗಿ ಕೈ ಹಿಡಿದು ಒಳಗೆ ಕರೆದುಕೊಂಡು ಬನ್ನಿ. ನನಗೆ ಮಂಡಿ ನೋವು, ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ತಡವಾಗುತ್ತದೆ.