ಹನ್ನೊಂದು ದಿನ ಮಡಗಿದ ಓಲೆ

“ಹನ್ನೊಂದು ದಿನ ಅಂತ್ಲೇ ಬರ್ಕೊ ಮಗ. ಕಮ್ಮೀನೂ ಮಾಡ್ಬ್ಯಾಡ, ಜಾಸ್ತೀನೂ ಮಾಡ್ಬ್ಯಾಡ.”

ಬಿಳಿಗೆರೆ ಬಸ್ಸಿನ ಕಿಟಕಿ ಪಕ್ಕ ಕೂತು ಶಿವನಂಜಮ್ಮ ಇದನ್ನು ಮೂರನೇ ಸಲ ಹೇಳಿದರು. ‘ಕೆಲವು ದಿನ’ ಅಂತ ಬರೆದರೆ ಸಾಲದೇ ಅಂತ ನಾನು ಕೇಳಿದ್ದೇ ತಪ್ಪಾಗಿತ್ತು. ನಮ್ಮ ಸೈಕಾಲಜಿ ಮೇಡಂ ಒಬ್ಬ ಒಳ್ಳೆಯ ವ್ಯಕ್ತಿಯ ಬಗ್ಗೆ ಬರೆದುಕೊಂಡು ಬನ್ನಿ ಅಂದಿದ್ದರು. ನಾನು ನಂಜನಗೂಡಿನ ಸ್ನಾನಘಟ್ಟಕ್ಕೆ ಹೋಗಿ ಟೀ ಅಂಗಡಿ ಬೋರಯ್ಯನವರನ್ನು ಕೇಳಿದರೆ, ಒಳ್ಳೆಯವರು ಯಾರೂ ಥಟ್ ಅಂತ ನೆನಪಾಗುತ್ತಿಲ್ಲ, ಒಳ್ಳೆ ಕೆಲಸ ಮಾಡಿ ಕೆಟ್ಟವಳಾದವಳು ಒಬ್ಬಳಿದ್ದಾಳೆ, ಆಗುತ್ತಾ ಅಂದರು. ಆಗುತ್ತೆ ಅಂದೆ. ನನಗೆ ಖುಷಿಯೋ ಖುಷಿ. ಕ್ಲಾಸಿನಲ್ಲಿ ಇನ್ಯಾರಿಗೂ ಇಂಥವರು ಸಿಕ್ಕಿರಲ್ಲ ಅಂತ ಗೊತ್ತಿತ್ತು.

ಶಿವನಂಜಮ್ಮನಿಗೆ ಐವತ್ಮೂರು ವರ್ಷ, ಊರು ಕಳಲೆ. ಕಪಿಲೆಯಲ್ಲಿ ಮುಳುಗಿ ಎದ್ದವರು ಕಷ್ಟ ಕಳೆಯಲಿ ಅಂತ ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗುತ್ತಾರಲ್ಲ, ಅದನ್ನು ಕೊಕ್ಕೆ ಕೋಲಿನಲ್ಲಿ ಎಳೆದು ದಡಕ್ಕೆ ಹಾಕುವುದು ಇವರ ಕೆಲಸ, ಹದಿನಾಲ್ಕು ವರ್ಷದಿಂದ. ಅಷ್ಟು ಜನರ ದೋಷ ಎಳೆದರೂ ಬೆನ್ನುನೋವು ಬಿಟ್ಟು ಇನ್ನೇನೂ ಅಂಟಿಕೊಂಡಿಲ್ಲ ಅಂತ ನಗುತ್ತಾರೆ. ಅದಕ್ಕಿಂತ ದೊಡ್ಡ ಹೆಸರು ಅವರ ಬಾಯಿಗೆ. ಮೆಟ್ಟಿಲ ಮೇಲೆ ಸೋಪಿನ ಕವರ್ ಬಿಸಾಡಿದವನಿಗೆ ಬೈಗುಳ, ಮುದುಕಿಯನ್ನು ತಳ್ಳಿ ನೀರಿಗಿಳಿದವಳಿಗೆ ಬೈಗುಳ. ಜೊತೆಗೆ ಕೆಲಸ ಮಾಡುವ ದೇವಯ್ಯ ಒಂದು ಒಳ್ಳೆಯ ಪಂಚೆಯನ್ನು ತನ್ನ ಚೀಲಕ್ಕೆ ಸೇರಿಸಿದಾಗ, ಎಲ್ಲರ ಎದುರು ತೆಗೆಸಿ ಕಾಂಟ್ರಾಕ್ಟರ್‌ಗೆ ಸೇರಬೇಕಾದ ರಾಶಿಗೆ ಹಾಕಿಸಿದ್ದರು.

ಕಳೆದ ಕಾರ್ತಿಕದ ಒಂದು ಸೋಮವಾರ ಇವರ ಕೊಕ್ಕೆಗೆ ಹಸಿರು ಸೀರೆಯೊಂದು ಸಿಕ್ಕಿತು. ಸೆರಗಿನಲ್ಲಿ ಗಂಟು, ಗಂಟಿನಲ್ಲಿ ಕೆಂಪು ಹರಳಿನ ಚಿನ್ನದ ಓಲೆ, ಜೋಡಿ. ಸ್ನಾನಕ್ಕೆ ಮುಂಚೆ ಬಿಚ್ಚಿ ಕಟ್ಟಿಕೊಂಡವರು ಮರೆತು ಸೀರೆಯನ್ನೇ ಬಿಟ್ಟುಬಿಟ್ಟಿದ್ದರು. ಸೀರೆಗೆ ಸುತ್ತಿದ್ದ ರವಿಕೆಯ ಕತ್ತಿನಲ್ಲಿ ಟಿ. ನರಸೀಪುರದ ಟೈಲರ್ ಲೇಬಲ್ ಬೇರೆ. ಅಂದರೆ ಯಾರದ್ದು ಅಂತ ಅವತ್ತೇ ಕಂಡುಹಿಡಿಯಬಹುದಿತ್ತು. ಶಿವನಂಜಮ್ಮ ಓಲೆಯನ್ನು ಮನೆಗೆ ತಂದು ರಾಗಿ ಡಬ್ಬಕ್ಕೆ ಹಾಕಿದರು.

ಏನಾದರೂ ಕಷ್ಟ ಇತ್ತಾ ಅಂತ ಕೇಳಿದೆ. ಇರಲಿ ಅಂತ ನನಗೇ ಆಸೆ.

“ಕಷ್ಟ ಗಿಷ್ಟ ಏನೂ ಇರ್ನಿಲ್ಲ. ಚೆಂದಾಗಿದ್ದೊ. ಬೇಕು ಅನ್ನಿಸ್ತು, ಮಡೀಕೊಂಡೆ.”

ಮತ್ಯಾಕೆ ವಾಪಸ್ ಕೊಟ್ಟರು? ದೇವರ ಭಯವೂ ಅಲ್ಲ, ಪೊಲೀಸರ ಭಯವೂ ಅಲ್ಲ. ಓಲೆ ಸಿಕ್ಕ ಮಾರನೇ ದಿನ ದೇವಯ್ಯ ಹೊಸ ಟವೆಲ್ಲೊಂದನ್ನು ಚೀಲಕ್ಕೆ ತುರುಕಿ ಇವರ ಮುಖ ನೋಡಿದನಂತೆ, ಇವರು ಹೊಳೆ ಕಡೆ ತಿರುಗಿಕೊಂಡರಂತೆ. ಆಮೇಲೆ ಕವರ್ ಬಿಸಾಡಿದವರಿಗೂ ಏನೂ ಅನ್ನಲಾಗಲಿಲ್ಲ. ಬೈಯಲು ಬಾಯಿ ತೆರೆದರೆ ರಾಗಿ ಡಬ್ಬ ನೆನಪಾಗುತ್ತಿತ್ತು. ಶಿವನಂಜಮ್ಮನಿಗೆ ಹುಷಾರಿಲ್ಲವಂತೆ ಅಂತ ಘಟ್ಟದ ತುಂಬ ಸುದ್ದಿ. ಹತ್ತು ದಿನ ತಡೆದರು, ಹನ್ನೊಂದನೇ ದಿನ ನರಸೀಪುರದ ಬಸ್ಸು ಹತ್ತಿದರು. ಇದನ್ನು ಕೇಳಿ ನಾನು ಸೀಟಿನಿಂದ ಎದ್ದೇಬಿಟ್ಟಿದ್ದೆ. ಬೈಯುವ ಹಕ್ಕಿಗಾಗಿ ಒಬ್ಬರು ಪ್ರಾಮಾಣಿಕರಾಗಬಹುದು ಅಂತ ನಮ್ಮ ಯಾವ ನೋಟ್ಸಿನಲ್ಲೂ ಇಲ್ಲ.

ಟೈಲರ್ ರವಿಕೆ ನೋಡಿದ ಕೂಡಲೇ ಗೊಬ್ಬರದಂಗಡಿಯವರ ಹೆಂಡತಿ ಮಂಗಳಗೌರಿಯ ಮನೆ ತೋರಿಸಿದ. ಆಕೆ ಓಲೆಯ ತಿರುಪನ್ನೆಲ್ಲ ತಿರುಗಿಸಿ ನೋಡಿ, ಯಾವತ್ತು ಸಿಕ್ಕಿತು ಅಂದರು. ನೆನ್ನೆ ಅಂದಿದ್ದರೆ ಮುಗಿಯುತ್ತಿತ್ತು. ಶಿವನಂಜಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಕೆಯ ಮುಖ ಕಪ್ಪಿಟ್ಟಿತು. ಓಲೆ ಮನೆಯಲ್ಲೇ ಕಳುವಾಯಿತು ಅಂದುಕೊಂಡು ಮೂರನೇ ದಿನವೇ ಆಕೆ, ಒಂಬತ್ತು ವರ್ಷದಿಂದ ಮನೆಗೆಲಸಕ್ಕಿದ್ದ ಚಿಕ್ಕತಾಯಮ್ಮನನ್ನು ಕಳ್ಳಿ ಅಂತ ಬೀದಿಗೆ ಕಳಿಸಿಬಿಟ್ಟಿದ್ದರು.

“ಅವತ್ತೇ ತಂದಿದ್ರೆ ನಾನ್ಯಾಕೆ ಅವಳನ್ನ ಕಳ್ಳಿ ಅಂತಿದ್ದೆ? ಈ ಪಾಪ ನಿಂದೇ,” ಅಂದರು ಮಂಗಳಗೌರಿ.

ಸಂಜೆಯೊಳಗೆ ಘಟ್ಟದ ಕಾಂಟ್ರಾಕ್ಟರ್ ಚಂದ್ರಶೇಖರ್‌ಗೆ ಫೋನ್ ಹೋಗಿತ್ತು. ಮಾರನೇ ದಿನದಿಂದ ಶಿವನಂಜಮ್ಮನಿಗೆ ಕೆಲಸ ಇಲ್ಲ. ದೇವಯ್ಯ ಈಗಲೂ ಅಲ್ಲೇ ಇದ್ದಾನೆ. ಕದ್ದ ಮಾಲಿಗೂ ಹನ್ನೊಂದು ದಿನ ಸೂತಕ ಕೂತವಳು ಅಂತ ಇವರ ಬೆನ್ನ ಹಿಂದೆ ನಗಿಸುತ್ತಾನೆ.

ಆದರೂ ನೀವು ವಾಪಸ್ ಕೊಟ್ಟಿರಲ್ಲ ಅಮ್ಮ ಅಂದೆ.

“ಕೊಡ್ದೆ ಇದ್ದಿದ್ರೆ ಇವತ್ಗೂ ನಾನು ಒಳ್ಳೇವ್ಳೇ ಕನ ಮಗ,” ಅಂದರು. ಸಮಾಧಾನ ಮಾಡೋಣ ಅಂದರೆ ಅವರ ದನಿಯಲ್ಲಿ ಅಳುವೇ ಇರಲಿಲ್ಲ.

ಹೋದ ವಾರ ಟೈಲರ್ ಇನ್ನೊಂದು ಮಾತು ಹೇಳಿದನಂತೆ. ಓಲೆ ಸಿಕ್ಕಿ ನಾಲ್ಕು ತಿಂಗಳಾದರೂ ಮಂಗಳಗೌರಿ ಚಿಕ್ಕತಾಯಮ್ಮನಿಗೆ ಆ ವಿಷಯ ಹೇಳಿ ಕಳಿಸಿಲ್ಲ. ಹೇಳಿದರೆ ತಾನು ಸುಮ್ಮಸುಮ್ಮನೆ ಕಳ್ಳಿ ಅಂದೆ ಅಂತಾಗುತ್ತದಲ್ಲ. ಚಿಕ್ಕತಾಯಮ್ಮ ಬಿಳಿಗೆರೆಯ ತಾಯಿಮನೆಯಲ್ಲಿ ಕಳ್ಳಿಯಾಗಿಯೇ ಕೂತಿದ್ದಾಳೆ. ಆ ಹೆಸರು ಅಳಿಸಬೇಕು, ಎಲ್ಲರೆದುರು, ತನ್ನ ಬಾಯಿಂದಲೇ ಅಂತ ಶಿವನಂಜಮ್ಮನ ಹಟ. ಅದಕ್ಕೇ ನಾವು ಈ ಬಸ್ಸಿನಲ್ಲಿದ್ದೆವು.

ಚಿಕ್ಕತಾಯಮ್ಮ ಬೀದಿ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದಳು. ಶಿವನಂಜಮ್ಮ ನಿಂತಲ್ಲೇ ಎಲ್ಲ ಹೇಳಿದರು, ರಾಗಿ ಡಬ್ಬದ ಸಮೇತ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ನನ್ನ ಜೊತೆ ನರಸೀಪುರಕ್ಕೆ ಬಾ, ಆ ಮನೆ ಮುಂದೆ ನಿಂತು ಇದನ್ನೇ ಹೇಳುತ್ತೇನೆ ಅಂತಲೂ ಕರೆದರು. ಅವಳ ಕೈ ನಿಲ್ಲಲಿಲ್ಲ. ಪಾತ್ರೆ ತೊಳೆದು ಮುಗಿಸಿ ನನ್ನ ಪುಸ್ತಕದ ಕಡೆ ನೋಡಿದಳು.

“ಒಂಬತ್ತು ವರ್ಸ ನಾನು ಆ ಮನೇಲಿ ಒಂದು ಸೂಜಿ ಮುಟ್ನಿಲ್ಲ. ನನ್ನ ಬಗ್ಗೆ ಬರ್ಕೊಳಕ್ಕೆ ಯಾರೂ ಬರ್ನಿಲ್ಲ. ಇವ್ಳು ಕದ್ದು ಕೊಟ್ಳು, ಇವ್ಳ ಕತೆ ಬರೀತಾವ್ರೆ.”

ನಾನು ಪುಸ್ತಕ ಮುಚ್ಚಿದೆ. ಶಿವನಂಜಮ್ಮ ಕ್ಷಮಿಸು ಅನ್ನಲು ಹೊರಟರು.

“ನಿನ್ನ ಎದೆ ಹಗುರಾಗ್ಲಿ ಅಂತ ಬಂದಿದ್ದೀಯ. ಅದು ನನ್ ಕೆಲ್ಸ ಅಲ್ಲ,” ಅಂದು ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳ ತಾಯಿ ಮಾತ್ರ ನಮ್ಮ ಹಿಂದೆ ಬಸ್ ಸ್ಟ್ಯಾಂಡ್ ತನಕ ಬಂದರು. ಚಿಕ್ಕತಾಯಮ್ಮನ ಅಣ್ಣ ಪ್ರಸಾದ್ ನಾಲ್ಕು ತಿಂಗಳಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದಾನಂತೆ, ಅವಳು ಬಡಿಸಿದರೆ ಊಟ ಮಾಡುವುದಿಲ್ಲವಂತೆ. ಈ ಮಾತು ಬೀದಿಯವರಿಗಲ್ಲ, ಅವನ ಕಿವಿಗೆ ಬೀಳಬೇಕು, ಭಾನುವಾರ ಅವನು ಮನೆಯಲ್ಲೇ ಇರುತ್ತಾನೆ ಅಂದರು. ಮಗಳು ಬಾಗಿಲು ತೆಗೆಯದಿದ್ದರೂ ತಾನು ತೆಗೆಯುತ್ತೇನೆ ಅಂದರು.

ಬರುವ ಭಾನುವಾರ ಹತ್ತೂವರೆ ಬಸ್ಸಿಗೆ ಮತ್ತೆ ಬಿಳಿಗೆರೆಗೆ ಹೋಗುತ್ತೇವೆ.