ಬೋಪಯ್ಯ ಸರ್ ಹಾರಿದ್ದು

ಕಾಲೇಜು ಸಾಫ್ಟ್‌ಬಾಲ್ ಪಂದ್ಯಗಳು ಶುರುವಾಗುವ ಮುಂಚೆ ಅಂಪೈರುಗಳಿಗೂ ಕೋಚುಗಳಿಗೂ ಹೊಸ ನಿಯಮ ಬಿಡಿಸಿ ಹೇಳುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ದೆಹಲಿಯ ದ್ವಾರಕಾದ ಕಾಲೇಜೊಂದರಲ್ಲಿ ಎಲ್ಲರೂ ಸೇರಿದ್ದೆವು. ಚೆಂಡೆಸೆಯುವಾಗ ಹುಡುಗಿಯ ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟರೆ ಮೊದಲು ತಪ್ಪು, ಈಗ ತಪ್ಪಲ್ಲ. ಇಷ್ಟೇ ವಿಷಯ. ಅರ್ಧ ಗಂಟೆ ಸ್ಲೈಡು ತೋರಿಸಿದರೂ, "ಅಚ್ಛಾ, ಅಂದ್ರೆ ಹೇಗೆ ಹಾರಬೇಕು?" ಎಂದೇ ಕೇಳುತ್ತಿದ್ದರು.

ಕೊನೆಗೆ ಹಿರಿಯ ಅಂಪೈರ್ ಬೋಪಯ್ಯ ಸರ್ ಎದ್ದರು. ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು, ಮೊಣಕಾಲು ನೋವು ಬೇರೆ. ಮೇಜು ಪಕ್ಕಕ್ಕೆ ಸರಿಸಿ, ಎಡಭುಜ ಕೊಂಚ ತಗ್ಗಿಸಿ, ಬಲಗೈ ಗಿರ್ರನೆ ತಿರುಗಿಸಿ, ಹಾರಿ, ಇಲ್ಲದ ಚೆಂಡನ್ನು ಎಸೆದರು.

ಹಿಂದಿನ ಸಾಲಿನಿಂದ ರಶ್ಮಿ ಎದ್ದು ನಿಂತಳು. ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ, ಈಗ ಕೋಚ್.

"ಸರ್, ಅದು ನನ್ನ ಆಕ್ಷನ್!"

"ಹೌದಮ್ಮ. ನೀನು ಕಾಲೇಜಿಗೆ ಆಡುತ್ತಿದ್ದಾಗ ಫೈನಲ್‌ನಲ್ಲಿ ತಪ್ಪು ಅಂತ ಕೈ ಚಾಚಿದವನು ನಾನೇ. ನೀವು ಸೋತದ್ದೂ ಅದೇ ಎಸೆತಕ್ಕೆ."

"ಆವತ್ತು ರೂಲ್ ಹಾಗೇ ಇತ್ತಲ್ಲ ಸರ್."

"ಇತ್ತು. ಆದರೆ ಅಷ್ಟು ಚೆಂದದ ಎಸೆತ ಆಮೇಲೆ ನಾನು ನೋಡಲಿಲ್ಲ."

ಅವಳು ಮುಂದೆ ಬಂದು ಅವರ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ಭುಜ ಇನ್ನೂ ಸ್ವಲ್ಪ ಕೆಳಗೆ ಬರಬೇಕಿತ್ತು ಸರ್," ಎಂದಳು.

ನನ್ನ ಬಳಿ ಇನ್ನೊಂದು ಸ್ಲೈಡು ಉಳಿದಿತ್ತು: ಹೊಸ ನಿಯಮ ಹಳೆಯ ಪಂದ್ಯಗಳಿಗೆ ಅನ್ವಯಿಸುವುದಿಲ್ಲ. ಪ್ರೊಜೆಕ್ಟರ್ ಬಿಸಿಯಾಗಿದೆ ಎಂದು ಸುಳ್ಳು ಹೇಳಿ ಆಫ್ ಮಾಡಿದೆ.